ಬೋಟಿನ ಸ್ಟೀರಿಂಗ್ ಬಿಗಿಯಾಗಿದೆ. ಹಳೆಯ ಕೇಬಲ್ ಈ ಹಂಗಾಮು ತಡೆದೀತೇ?

ಪ್ರಶ್ನೆ: ಹೊನ್ನಾವರದ ಬಳಿ ಶರಾವತಿಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ 18 ಅಡಿಯ ಫೈಬರ್ ಬೋಟು ನನ್ನದು. ಸೆಕೆಂಡ್ ಹ್ಯಾಂಡ್ ಕೊಂಡಾಗಲೇ ಅದಕ್ಕೆ ವಯಸ್ಸಾಗಿತ್ತು. ಹಿಂಬದಿಯ ಹಲಗೆಗೆ ಹೊರಗಿನಿಂದ ತೂಗುಹಾಕಿದ 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಮುಂದೆ ಬಲಬದಿಯಲ್ಲಿ ಸ್ಟೀರಿಂಗ್ ಚಕ್ರ, ಅಲ್ಲಿಂದ ಹಿಂದಿನ ಎಂಜಿನ್ನಿಗೆ ಒಂದೇ ಕೇಬಲ್. ಈ ಸಲ ಮಳೆಗಾಲ ಕಳೆದು ಬೋಟು ನೀರಿಗೆ ಇಳಿಸಿದಾಗ ಚಕ್ರ ತಿರುಗಿಸಲು ಎರಡೂ ಕೈ ಬೇಕಾಯಿತು. ಓಡಿಸುತ್ತ ಹೋದಂತೆ ಸ್ವಲ್ಪ ಸಡಿಲವಾಗುತ್ತದೆ. ರಾತ್ರಿ ಕಟ್ಟಿಹಾಕಿ ಬೆಳಗ್ಗೆ ಬಂದರೆ ಮತ್ತೆ ಬಿಗಿ. ಎಡಕ್ಕಿಂತ ಬಲಕ್ಕೆ ಹೆಚ್ಚು ಕಷ್ಟ. ಎಂಜಿನ್ನಿನ ಹತ್ತಿರ ಕೇಬಲ್ಲಿನ ಕವಚ ಒಂದು ಕಡೆ ಉಬ್ಬಿ ಸೀಳಿದೆ, ಅಲ್ಲಿಂದ ಕಂದು ಬಣ್ಣದ ನೀರು ಜಿನುಗುತ್ತದೆ. ಸೀಮೆಎಣ್ಣೆ ಮತ್ತು ಆಯಿಲ್ ಬಿಟ್ಟರೆ ಸರಿಹೋಗುತ್ತದೆ ಎಂದು ಒಬ್ಬ ಮೆಕ್ಯಾನಿಕ್ ಹೇಳಿದರು. ಕೇಬಲ್ಲಿನ ಗೊಡವೆಯೇ ಬೇಡ, ಹೈಡ್ರಾಲಿಕ್ ಹಾಕಿಸಿ ಎಂದು ಇನ್ನೊಬ್ಬರು. ಪರಿಚಯದ ಗ್ಯಾರೇಜಿನವರು ಲಾರಿಯ ಕೇಬಲ್ ಜೋಡಿಸಿ ಕೊಡುತ್ತೇನೆ ಎನ್ನುತ್ತಾರೆ. ಡಿಸೆಂಬರ್ ರಜೆಯ ಜನಸಂದಣಿ ಮುಗಿಯುವವರೆಗೆ ಇದೇ ಕೇಬಲ್ ನಡೆಯುತ್ತದೆಯೇ? ಬದಲಿಸುವುದಾದರೆ ನಾವೇ ಬದಲಿಸಬಹುದೇ? ಎಷ್ಟು ಉದ್ದದ್ದು ಬೇಕೆಂದು ತಿಳಿಯುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಮಾತು ಮಿಕ್ಕೆಲ್ಲಕ್ಕಿಂತ ಮುಖ್ಯ: ಕವಚ ಉಬ್ಬಿ ಸೀಳಿದೆ, ಕಂದು ನೀರು ಜಿನುಗುತ್ತಿದೆ. ಆ ಕೇಬಲ್ಲಿನ ಆಯುಷ್ಯ ಮುಗಿದಿದೆ. ಡಿಸೆಂಬರ್ ದೂರದ ಮಾತು, ನಾಳೆಯ ಸವಾರಿಗೂ ಅದನ್ನು ನಂಬಬೇಡಿ. ಹೊಸದು ಕೂರುವವರೆಗೆ ಪ್ರವಾಸಿಗರನ್ನು ಹತ್ತಿಸಿಕೊಳ್ಳಬೇಡಿ. ರಜೆಯ ನಾಲ್ಕು ವಾರಗಳ ದುಡಿಮೆಯ ಮೇಲೆ ನಿಮ್ಮ ಇಡೀ ವರ್ಷದ ಲೆಕ್ಕ ನಿಂತಿರುತ್ತದೆ ಎಂಬುದು ನನಗೆ ತಿಳಿಯದ ವಿಷಯವಲ್ಲ. ತಿಳಿದೇ ಹೇಳುತ್ತಿದ್ದೇನೆ.

ಹಾಗೆಂದು ಇವತ್ತೇ ಅಂಗಡಿಗೆ ಹೋಗಿ ಕೇಬಲ್ ತಂದುಬಿಡಬೇಡಿ. ಸ್ಟೀರಿಂಗ್ ಬಿಗಿಯಾಯಿತು ಎಂದು ನನ್ನ ಬಳಿ ಬರುವವರಲ್ಲಿ ಹಲವರು ಅದಾಗಲೇ ಹೊಸ ಕೇಬಲ್ ಹಾಕಿಸಿಕೊಂಡು ಬಂದಿರುತ್ತಾರೆ, ಚಕ್ರ ಮಾತ್ರ ಹಿಂದಿನಷ್ಟೇ ಬಿಗಿಯಾಗಿರುತ್ತದೆ. ಕಾರಣ, ಬಿಗಿತ ಕೇಬಲ್ಲಿನಲ್ಲಿ ಮಾತ್ರ ಇರುವುದಿಲ್ಲ. ಚಕ್ರದ ಹಿಂದಿನ ಗೇರ್ ಪೆಟ್ಟಿಗೆಯಲ್ಲಿ, ಅಂದರೆ ನಾವು ಹೆಲ್ಮ್ ಎನ್ನುವ ಭಾಗದಲ್ಲಿ ಇರಬಹುದು. ಕೇಬಲ್ಲಿನ ತುದಿಯ ದಂಡ ಹಾದುಹೋಗುವ ಎಂಜಿನ್ನಿನ ಟಿಲ್ಟ್ ಟ್ಯೂಬಿನಲ್ಲಿ ಇರಬಹುದು. ಎಂಜಿನ್ ಎಡಬಲ ತಿರುಗುವ ಕೀಲಿನಲ್ಲೇ ಇರಬಹುದು. ನಿಮ್ಮ ಬೋಟಿನಲ್ಲಿ ಕೇಬಲ್ ಹೋಗಿರುವುದು ಖಚಿತ. ಜೊತೆಗೆ ಇನ್ನೇನು ಹೋಗಿದೆ ಎಂಬುದನ್ನು ಕೊಳ್ಳುವ ಮೊದಲೇ ಪತ್ತೆಮಾಡಬೇಕು.

ಪತ್ತೆಮಾಡುವ ಕೆಲಸ ಅರ್ಧ ಗಂಟೆಯದು. ಬೋಟನ್ನು ಧಕ್ಕೆಗೆ ಭದ್ರವಾಗಿ ಕಟ್ಟಿ, ಎಂಜಿನ್ ನಿಲ್ಲಿಸಿ, ಕಿಲ್ ಸ್ವಿಚ್ಚಿನ, ಅಂದರೆ ಎಂಜಿನ್ನನ್ನು ತುರ್ತಾಗಿ ನಿಲ್ಲಿಸುವ ಸ್ವಿಚ್ಚಿನ ಹಗ್ಗ ಕಿತ್ತಿಡಿ. ಟಿಲ್ಟ್ ಟ್ಯೂಬಿನಿಂದ ಹೊರಬಂದ ದಂಡದ ತುದಿಗೂ ಎಂಜಿನ್ನಿನ ಸ್ಟೀರಿಂಗ್ ತೋಳಿಗೂ ನಡುವೆ ಒಂದು ಗಿಡ್ಡ ಸರಳಿದೆ, ಅದನ್ನು ಡ್ರ್ಯಾಗ್ ಲಿಂಕ್ ಎನ್ನುತ್ತಾರೆ. ಅದನ್ನು ಎಂಜಿನ್ನಿನ ಕಡೆಯಿಂದ ಬಿಚ್ಚಿ. ಈಗ ಎಂಜಿನ್ನನ್ನು ಕೈಯಿಂದ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. 40 ಎಚ್‌ಪಿ ಎಂಜಿನ್ ಒಬ್ಬ ಮನುಷ್ಯನ ಕೈಗೆ ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ಎಂಜಿನ್ನಿನ ಕೀಲಿನ ಗ್ರೀಸ್ ಒಣಗಿ ಕಲ್ಲಾಗಿದೆ ಎಂದರ್ಥ. ಅಲ್ಲಿ ಗ್ರೀಸ್ ನಿಪ್ಪಲ್‌ಗಳಿರುತ್ತವೆ; ಹಳೆಯ ಕಪ್ಪು ಗ್ರೀಸ್ ಪೂರ್ತಿ ಹೊರಬಂದು ಹೊಸದು ಕಾಣಿಸುವವರೆಗೆ ಪಂಪ್ ಮಾಡಬೇಕು. ನಿಪ್ಪಲ್ಲೇ ಕಟ್ಟಿಕೊಂಡಿದ್ದರೆ ಬಿಚ್ಚಿ ಶುಚಿಮಾಡಿ ಅಥವಾ ಹೊಸದು ಹಾಕಿ. ಎಂಜಿನ್ ಸಲೀಸಾಗಿ ತಿರುಗಿತು, ಲಿಂಕ್ ಬಿಚ್ಚಿದ ಮೇಲೂ ಚಕ್ರ ಮಾತ್ರ ಬಿಗಿಯಾಗಿಯೇ ಇದೆ ಎಂದಾದರೆ ದೋಷ ಎಂಜಿನ್ನಿನ ಕೀಲಿನದಲ್ಲ, ಹೆಲ್ಮಿನಿಂದ ಟಿಲ್ಟ್ ಟ್ಯೂಬಿನವರೆಗಿನ ಭಾಗದ್ದು. ಆಮೇಲೆ ಹೆಲ್ಮಿನಿಂದ ಕೇಬಲ್ ಬಿಡಿಸಿ ಬರಿಯ ಚಕ್ರವನ್ನು ತಿರುಗಿಸಿ. ಅದು ಹಗುರವಾಗಿ, ಕಟಕಟ ಸದ್ದಿಲ್ಲದೆ ತಿರುಗಿದರೆ ಹೆಲ್ಮ್ ಸರಿಯಿದೆ. ಉಳಿದದ್ದು ಕೇಬಲ್ ಮತ್ತು ಟಿಲ್ಟ್ ಟ್ಯೂಬ್.

ಒಳಗೆ ನಡೆಯುವುದೇನು?

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಸೀಮೆಎಣ್ಣೆಯ ಸಲಹೆ ಏಕೆ ತಪ್ಪು ಎಂಬುದು ಕೇಬಲ್ಲಿನ ರಚನೆ ತಿಳಿದರೆ ತಾನಾಗಿಯೇ ಸ್ಪಷ್ಟವಾಗುತ್ತದೆ.

ಬೋಟಿನ ಸ್ಟೀರಿಂಗ್ ಕೇಬಲ್ ಎಳೆಯುವುದಷ್ಟೇ ಅಲ್ಲ, ತಳ್ಳುವ ಕೆಲಸವನ್ನೂ ಮಾಡುತ್ತದೆ. ಚಕ್ರವನ್ನು ಒಂದು ಕಡೆಗೆ ತಿರುಗಿಸಿದರೆ ಒಳಗಿನ ಉಕ್ಕಿನ ತಂತಿ ಎಂಜಿನ್ನನ್ನು ಎಳೆಯುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ಅದೇ ತಂತಿ ತಳ್ಳುತ್ತದೆ. ನಿಮ್ಮದರಂಥ ಬೋಟುಗಳಲ್ಲಿ ಸಾಮಾನ್ಯವಾಗಿರುವ ರೋಟರಿ ಮಾದರಿಯಲ್ಲಿ ಒಳತಂತಿಯ ಮೇಲೆ ಇನ್ನೊಂದು ತಂತಿಯನ್ನು ಸುರುಳಿಯಾಗಿ ಸುತ್ತಿರುತ್ತಾರೆ; ಹೆಲ್ಮಿನ ಗೇರಿನ ಹಲ್ಲುಗಳು ಆ ಸುರುಳಿಯ ಸಂದುಗಳಲ್ಲಿ ಕೂತು ತಂತಿಯನ್ನು ಹಿಂದೆ ಮುಂದೆ ಓಡಿಸುತ್ತವೆ. ಒಳತಂತಿ ಒಂದು ಪ್ಲಾಸ್ಟಿಕ್ ಕೊಳವೆಯೊಳಗೆ ಜಾರುತ್ತದೆ. ಆ ಕೊಳವೆಯ ಸುತ್ತ ಮತ್ತೆ ಉಕ್ಕಿನ ತಂತಿಗಳ ಒಂದು ಪದರ, ಅದರ ಮೇಲೆ ನಿಮಗೆ ಕಾಣುವ ಪ್ಲಾಸ್ಟಿಕ್ ಕವಚ. ಎಂಜಿನ್ ಕಡೆಯ ತುದಿಯಲ್ಲಿ ಒಳತಂತಿಗೆ ಒಂದು ಗಟ್ಟಿ ದಂಡ ಜೋಡಿಸಿರುತ್ತದೆ. ಅದು ಟಿಲ್ಟ್ ಟ್ಯೂಬಿನೊಳಗೆ ಒಟ್ಟು ಸುಮಾರು 9 ಅಂಗುಲ ಹಿಂದೆ ಮುಂದೆ ಸರಿಯುತ್ತದೆ. ಜಾರುವುದಕ್ಕೆ ಬೇಕಾದ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ ಮುಚ್ಚಿರುತ್ತಾರೆ. ಬಳಸುವವರು ಎಣ್ಣೆ ಬಿಡಲಿ ಎಂದು ಇಟ್ಟ ದಾರಿ ಇದರಲ್ಲಿಲ್ಲ.

ಉಪ್ಪುನೀರು ಒಳಹೊಗುವುದು ಹೆಚ್ಚಾಗಿ ಎಂಜಿನ್ ಕಡೆಯಿಂದಲೇ. ದಂಡ ಹೊರಬಂದಾಗ ಅದರ ಮೇಲೆ ಹನಿಗಳು ಕೂರುತ್ತವೆ, ಒಳಗೆ ಸರಿದಾಗ ಹನಿಗಳನ್ನೂ ಎಳೆದುಕೊಂಡು ಹೋಗುತ್ತದೆ. ದಿನವೂ ಓಡುವ ಬೋಟಿನಲ್ಲಿ ಈ ತೇವ ಗ್ರೀಸಿನೊಡನೆ ಕದಡುತ್ತ ಹೇಗೋ ಕಾಲ ಸಾಗುತ್ತದೆ. ನಿಂತ ಬೋಟಿನಲ್ಲಿ ಹಾಗಾಗುವುದಿಲ್ಲ. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆ. ಪ್ರವಾಸಿ ಬೋಟುಗಳು ಅದಕ್ಕಿಂತ ಹೆಚ್ಚು ಕಾಲ ದಡದಲ್ಲಿರುತ್ತವೆ. ಆ ತಿಂಗಳುಗಳ ಗಾಳಿಯಲ್ಲಿ ತೇವವೂ ಇದೆ, ಉಪ್ಪೂ ಇದೆ. ಚಕ್ರವನ್ನು ಯಾರೂ ಮುಟ್ಟುವುದಿಲ್ಲ. ದಂಡಕ್ಕೂ ಒಳತಂತಿಗೂ ಅದೇ ಜಾಗದಲ್ಲಿ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಉಕ್ಕು ಊದುತ್ತದೆ, ಊದಿದ ಉಕ್ಕು ಕವಚವನ್ನು ಒಳಗಿನಿಂದಲೇ ಸೀಳುತ್ತದೆ. ನಿಮ್ಮ ಕೇಬಲ್ಲಿನಲ್ಲಿ ಕಾಣುವ ಉಬ್ಬು ಹೀಗೆ ಬಂದದ್ದು.

ಓಡಿಸಿದ ಮೇಲೆ ಸಡಿಲವಾಗುತ್ತದೆ ಎಂದು ಬರೆದಿದ್ದೀರಿ. ಅದನ್ನು ಗುಣವಾಗುತ್ತಿರುವ ಲಕ್ಷಣ ಎಂದು ತಿಳಿಯಬೇಡಿ. ಚಲನೆಗೆ ತುಕ್ಕಿನ ಹಕ್ಕಳೆ ಒಡೆದು ಪುಡಿಯಾಗುತ್ತದೆ, ಆ ಪುಡಿ ಮರಳು ಕಾಗದದಂತೆ ಪ್ಲಾಸ್ಟಿಕ್ ಕೊಳವೆಯನ್ನು ತಿನ್ನುತ್ತದೆ, ರಾತ್ರಿ ಹೊಸ ತುಕ್ಕು ಕಟ್ಟುತ್ತದೆ. ಪ್ರತಿ ಸವಾರಿಯೂ ಕೇಬಲ್ಲನ್ನು ಇನ್ನಷ್ಟು ಸವೆಸುತ್ತಿದೆ.

ಇದೇ ಶರಾವತಿಯ ಮೇಲ್ಭಾಗದಲ್ಲಿ, ಲಿಂಗನಮಕ್ಕಿ ಹಿನ್ನೀರಿನ ಸಿಹಿನೀರಿನಲ್ಲಿ ಓಡುವ ಬೋಟುಗಳ ಕಥೆ ಬೇರೆ. ಅಲ್ಲಿ ಕೇಬಲ್ ಬಿಗಿಯಾಗುವುದು ಬಹುಪಾಲು ಹಳೆಯ ಗ್ರೀಸ್ ಗಟ್ಟಿಯಾಗಿ. ತುಕ್ಕು ನಿಧಾನ, ಕೇಬಲ್ ಬಹುಕಾಲ ಬಾಳುತ್ತದೆ. ಹೊನ್ನಾವರ, ಗಂಗೊಳ್ಳಿ, ಕಾರವಾರದ ಕಾಳಿ ನದಿಯ ಮುಖ ಇವೆಲ್ಲ ಉಬ್ಬರದ ನೀರು ಹೊಗುವ ಜಾಗಗಳು. ಮಲೆನಾಡಿನ ಗೆಳೆಯನ ಬೋಟಿನಲ್ಲಿ ಅದೆಷ್ಟೋ ವರ್ಷ ನಡೆಯಿತಂತೆ ಎಂಬ ಲೆಕ್ಕ ಅಳಿವೆಯ ಬೋಟಿಗೆ ಹೊಂದುವುದಿಲ್ಲ.

ನಿಮಗೆ ಸಿಕ್ಕ ಸಲಹೆಗಳು

ಸೀಮೆಎಣ್ಣೆ, ಡೀಸೆಲ್, ತುಕ್ಕು ಬಿಡಿಸುವ ಸ್ಪ್ರೇ ಇವುಗಳಿಂದ ಒಂದೆರಡು ದಿನ ಚಕ್ರ ಹಗುರವಾಗುವುದು ನಿಜ. ಈ ಸಲಹೆ ಇಷ್ಟು ಜನಪ್ರಿಯವಾಗಿರುವುದು ಅದಕ್ಕಾಗಿಯೇ. ಆದರೆ ಅವು ಉಳಿದಿರುವ ಗ್ರೀಸನ್ನು ತೊಳೆದು ಹಾಕುತ್ತವೆ, ಎಣ್ಣೆಯಂಶ ಹೀರಿದ ಪ್ಲಾಸ್ಟಿಕ್ ಕೊಳವೆ ಊದಿ ತಂತಿಯನ್ನು ಹಿಡಿಯತೊಡಗುತ್ತದೆ, ಸೀಳಿದ ಕವಚ ಹೇಗೂ ಕೂಡುವುದಿಲ್ಲ. ಟಿಲ್ಟ್ ಟ್ಯೂಬಿನಲ್ಲಿ ಸಿಕ್ಕಿಕೊಂಡ ದಂಡವನ್ನು ಹೊರತೆಗೆಯಲು ತುಕ್ಕು ಬಿಡಿಸುವ ಎಣ್ಣೆ ಬೇಕು, ಆ ಬಳಕೆ ಸರಿಯಾದದ್ದು. ಕೇಬಲ್ಲಿನ ಹೊಟ್ಟೆಗೆ ಅದು ಔಷಧವಲ್ಲ.

ಲಾರಿಯ ಕೇಬಲ್ಲಿನ ಮಾತನ್ನು ಅಲ್ಲಿಗೇ ಬಿಡಿ. ವಾಹನಗಳ ಕ್ಲಚ್, ಬ್ರೇಕ್ ಕೇಬಲ್‌ಗಳು ಎಳೆಯುವುದಕ್ಕೆ ಮಾತ್ರ ಮಾಡಿದವು, ತಳ್ಳಿದರೆ ಬಾಗುತ್ತವೆ. ಬೋಟಿನದೇ ಥ್ರಾಟಲ್ ಮತ್ತು ಗೇರ್ ಕೇಬಲ್‌ಗಳು ತಳ್ಳುತ್ತವೆ ನಿಜ, ಆದರೆ ಎಂಜಿನ್ನಿನ ಭಾರವನ್ನು ನೀರಿನ ಒತ್ತಡದ ವಿರುದ್ಧ ತಿರುಗಿಸುವ ಬಲ ಅವಕ್ಕಿಲ್ಲ. ಹಳೆಯ ಕೇಬಲ್ಲನ್ನು ಕತ್ತರಿಸಿ ಬೆಸುಗೆ ಹಾಕಿ ಕೂಡಿಸುವುದಂತೂ ಜೀವದ ಜೊತೆಗಿನ ಆಟ.

ಹೈಡ್ರಾಲಿಕ್ ಬಗ್ಗೆ ಗೌರವದಿಂದಲೇ ಮಾತನಾಡಬೇಕು, ಅದು ನಿಜಕ್ಕೂ ಉತ್ತಮ ವ್ಯವಸ್ಥೆ. ಬೆರಳಿನಲ್ಲಿ ತಿರುಗುತ್ತದೆ, ಪ್ರೊಪೆಲ್ಲರಿನ ಸೆಳೆತ ಕೈಗೆ ತಟ್ಟುವುದಿಲ್ಲ. ದೊಡ್ಡ ಎಂಜಿನ್ನುಗಳಿಗೆ ನಾನೇ ಅದನ್ನು ಹೇಳುತ್ತೇನೆ. ನಿಮ್ಮ 40 ಎಚ್‌ಪಿಗೆ ಅದು ಅಗತ್ಯವಿಲ್ಲ. ಖರ್ಚು ಕೇಬಲ್ಲಿನ ಹಲವು ಪಟ್ಟು. ಸೀಲ್ ಸೋರಿದರೆ, ಪೈಪಿನಲ್ಲಿ ಗಾಳಿ ಸೇರಿದರೆ ಸರಿಪಡಿಸಬಲ್ಲ ಕೈ ಹತ್ತಿರದಲ್ಲಿರಬೇಕು. ಎಲ್ಲಕ್ಕಿಂತ ದೊಡ್ಡ ವಿಷಯವನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ: ಎಂಜಿನ್ನಿನ ಮುಂಭಾಗಕ್ಕೆ ಜೋಡಿಸುವ ಹೈಡ್ರಾಲಿಕ್ ಸಿಲಿಂಡರಿನ ಆಧಾರ ದಂಡವೂ ಹಾದುಹೋಗುವುದು ಅದೇ ಟಿಲ್ಟ್ ಟ್ಯೂಬಿನ ಮೂಲಕ. ನಿಮ್ಮ ಹಳೆಯ ಕೇಬಲ್ಲಿನ ದಂಡ ಅಲ್ಲಿ ತುಕ್ಕು ಹಿಡಿದು ಕೂತಿದ್ದರೆ, ಅದನ್ನು ತೆಗೆದು ಟ್ಯೂಬ್ ಶುಚಿಮಾಡುವ ಕಷ್ಟ ಹೈಡ್ರಾಲಿಕ್ ಹಾಕಿಸಿದರೂ ತಪ್ಪುವುದಿಲ್ಲ.

ನನ್ನ ಶಿಫಾರಸು ಇಷ್ಟು: ಹೆಲ್ಮ್ ಸರಿಯಿದ್ದು, ಅದಕ್ಕೆ ಹೊಂದುವ ಕೇಬಲ್ ಇಂದಿಗೂ ತಯಾರಾಗುತ್ತಿದ್ದರೆ ಕೇಬಲ್ ಮಾತ್ರ ಬದಲಿಸಿ. ಹೆಲ್ಮಿನಲ್ಲಿ ಆಟ ಜಾಸ್ತಿಯಾಗಿದ್ದರೆ, ಅಂದರೆ ಎಂಜಿನ್ ಅಲುಗಾಡದೆಯೇ ಚಕ್ರ ಸಾಕಷ್ಟು ದೂರ ಪೊಳ್ಳಾಗಿ ತಿರುಗುತ್ತಿದ್ದರೆ, ಅಥವಾ ಅದು ಈಗ ನಿಂತುಹೋದ ಮಾದರಿಯಾಗಿದ್ದರೆ ಹೆಲ್ಮ್ ಮತ್ತು ಕೇಬಲ್ ಎರಡೂ ಇರುವ ಕಿಟ್ ಕೊಳ್ಳಿ. ಸವೆದ ಗೇರಿಗೆ ಹೊಸ ಕೇಬಲ್ ಕೂಡಿಸಿದರೆ ಆ ಗೇರು ಹೊಸ ಕೇಬಲ್ಲನ್ನೂ ಬೇಗ ಸವೆಸುತ್ತದೆ. ಹಳೆಯ ಬೋಟುಗಳ ವಿಷಯದಲ್ಲಿ ನಾನು ಹೆಚ್ಚಾಗಿ ಕಿಟ್ಟಿನ ಕಡೆಗೇ ವಾಲುತ್ತೇನೆ.

ಅಳತೆ

ಹಳೆಯ ಕೇಬಲ್ಲಿನ ಕವಚದ ಮೇಲೆ, ಸಾಮಾನ್ಯವಾಗಿ ಹೆಲ್ಮಿನ ಹತ್ತಿರ, ಮಾದರಿಯ ಸಂಖ್ಯೆ ಮುದ್ರಿಸಿರುತ್ತಾರೆ. ಉಪ್ಪು, ಕೊಳೆ ಒರೆಸಿ ನೋಡಿ. ಟೆಲಿಫ್ಲೆಕ್ಸ್ ಹೆಸರಿನಲ್ಲಿ ಬರುತ್ತಿದ್ದ ಕೇಬಲ್‌ಗಳು ಈಗ ಸೀಸ್ಟಾರ್, ಡೊಮೆಟಿಕ್ ಹೆಸರಿನಲ್ಲಿ ಬರುತ್ತವೆ. ಅವುಗಳಲ್ಲಿ ಎಸ್‌ಎಸ್‌ಸಿ 6212 ಎಂಬಂತೆ ಇದ್ದರೆ ಕೊನೆಯ ಎರಡು ಅಂಕೆಗಳೇ ಅಡಿಗಳಲ್ಲಿ ಉದ್ದ, ಅಂದರೆ 12 ಅಡಿ. ಇಟಲಿಯ ಅಲ್ಟ್ರಾಫ್ಲೆಕ್ಸ್ ಕೇಬಲ್‌ಗಳಲ್ಲಿ ಎಂ 58, ಎಂ 66 ಎಂಬ ಮಾದರಿಯ ಗುರುತುಗಳಿರುತ್ತವೆ, ಅವು ಉದ್ದವಲ್ಲ. ಒಂದು ಕಂಪನಿಯ ಕೇಬಲ್ ಇನ್ನೊಂದರ ಹೆಲ್ಮಿಗೆ ಕೂರುತ್ತದೆ ಎಂದು ಅಂಗಡಿಯವರು ಹೇಳಿದ ಮಾತ್ರಕ್ಕೆ ನಂಬಬೇಡಿ. ತಯಾರಕರೇ ಹಾಗೆ ಬರೆದಿದ್ದರೆ ಮಾತ್ರ ಒಪ್ಪಿ. ಸುರುಳಿಯ ಸಂದು, ಗೇರಿನ ಹಲ್ಲು ಕೊಂಚ ಬೇರೆಯಾದರೂ ಭಾರ ಬಿದ್ದಾಗ ಹಲ್ಲು ಜಾರುತ್ತದೆ.

ಸಂಖ್ಯೆ ಅಳಿಸಿಹೋಗಿದ್ದರೆ ಟೇಪ್ ಹಿಡಿಯಿರಿ. ಚಕ್ರದ ನಡುವಿನಿಂದ ಬೋಟಿನ ಪಕ್ಕದ ಅಂಚಿನವರೆಗೆ, ಅಂಚಿನುದ್ದಕ್ಕೂ ಹಿಂಬದಿಯ ಹಲಗೆಯವರೆಗೆ, ಅಲ್ಲಿಂದ ಟಿಲ್ಟ್ ಟ್ಯೂಬಿನ ನಡುವಿನವರೆಗೆ ಅಳೆದು ಮೂರನ್ನೂ ಕೂಡಿಸಿ. ಪ್ರತಿ ಲಂಬಕೋನದ ತಿರುವಿಗೆ 4 ಅಂಗುಲ ಕಳೆಯಿರಿ, ಏಕೆಂದರೆ ಕೇಬಲ್ ಮೂಲೆಯವರೆಗೆ ಹೋಗುವುದಿಲ್ಲ, ಬಳಸಿ ಬಾಗುತ್ತದೆ. ಕೇಬಲ್ ಟಿಲ್ಟ್ ಟ್ಯೂಬಿನೊಳಗೆ ಹೋಗುವ ಎಂಜಿನ್ನಾದರೆ 6 ಅಂಗುಲ ಸೇರಿಸಿ. ಉದಾಹರಣೆಗೆ 18, 120, 36 ಅಂಗುಲ ಬಂದವು ಎನ್ನೋಣ. ಒಟ್ಟು 174, ಎರಡು ತಿರುವಿಗೆ 8 ಕಳೆದರೆ 166, 6 ಸೇರಿಸಿದರೆ 172. ಅಡಿಗೆ ಪರಿವರ್ತಿಸಿದರೆ 14ಕ್ಕಿಂತ ಸ್ವಲ್ಪ ಹೆಚ್ಚು, ಆದ್ದರಿಂದ 15 ಅಡಿಯದು ತರಬೇಕು. ಯಾವಾಗಲೂ ಮೇಲಿನ ಅಡಿಗೆ ಏರಿಸಬೇಕು, ಕೆಳಗಿಳಿಸಬಾರದು. ಹಳೆಯದನ್ನು ಹೊರತೆಗೆದಿದ್ದರೆ, ರೋಟರಿ ಮಾದರಿಯಲ್ಲಿ ಪ್ಲಾಸ್ಟಿಕ್ ಕವಚದ ಉದ್ದಕ್ಕೆ 18 ಅಂಗುಲ ಸೇರಿಸಿ ಮೇಲಿನ ಅಡಿಗೆ ಏರಿಸಿದರೂ ಅದೇ ಉತ್ತರ ಬರಬೇಕು. ಹೆಲ್ಮಿನ ಗೇರು ಹಲ್ಲುಗಳಿರುವ ನೇರ ಪಟ್ಟಿಯನ್ನು ಓಡಿಸುವ ಹಲ್ಲುಪಟ್ಟಿಯ (ರ್ಯಾಕ್) ಮಾದರಿಗೆ ಬೇರೆ ಲೆಕ್ಕವಿದೆ, ಅದಕ್ಕೆ ತಯಾರಕರ ಕೋಷ್ಟಕ ನೋಡಿ.

ಗಿಡ್ಡ ಕೇಬಲ್ ತಂದರೆ ತಿರುವುಗಳಲ್ಲಿ ಮುರುಟಿ ಮೊದಲ ದಿನದಿಂದಲೇ ಬಿಗಿಯಾಗಿರುತ್ತದೆ. ಬಾಗುವ ವೃತ್ತದ ತ್ರಿಜ್ಯ 8 ಅಂಗುಲಕ್ಕಿಂತ, ಅಂದರೆ ಸುಮಾರು 20 ಸೆಂಟಿಮೀಟರಿಗಿಂತ ಕಡಿಮೆಯಾಗಬಾರದು.

ತೆಗೆಯುವುದು, ಕೂರಿಸುವುದು

ನೀವೇ ಬದಲಿಸಬಹುದೇ ಎಂದು ಕೇಳಿದ್ದೀರಿ. ಎಂಜಿನ್ನಿನ ಸಣ್ಣಪುಟ್ಟ ಕೆಲಸ ಮಾಡಿಕೊಳ್ಳುವವರಾದರೆ, ಜೊತೆಗೊಬ್ಬರಿದ್ದರೆ, ಖಂಡಿತ ಮಾಡಬಹುದು. ಒಂದು ಘಟ್ಟ ಮಾತ್ರ ನಿಮ್ಮ ತಾಳ್ಮೆಯನ್ನು ಪರೀಕ್ಷಿಸುತ್ತದೆ: ಟಿಲ್ಟ್ ಟ್ಯೂಬಿನಿಂದ ಹಳೆಯ ದಂಡವನ್ನು ಬಿಡಿಸುವುದು.

ಕೇಬಲ್ಲನ್ನು ಟ್ಯೂಬಿಗೆ ಬಿಗಿದಿರುವ ನಟ್ ಬಿಚ್ಚಿದ ಮೇಲೂ ದಂಡ ಜಗ್ಗದಿದ್ದರೆ ಎರಡೂ ತುದಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ, ಮರುದಿನ ಮತ್ತೆ ಹಾಕಿ. ಬಿಸಿ ಕೊಡಬೇಕಾದರೆ ಬಿಸಿಗಾಳಿಯ ಗನ್ ಬಳಸಿ, ಅದೂ ಇಂಧನದ ಟ್ಯಾಂಕು ಮತ್ತು ಪೈಪನ್ನು ಬೋಟಿನಿಂದ ಇಳಿಸಿದ ಮೇಲೆ, ಎಣ್ಣೆ ಹಾಕಿದ ಜಾಗವನ್ನು ಒರೆಸಿದ ಮೇಲೆ. ಗ್ಯಾಸ್ ಬೆಂಕಿ ಬೇಡವೇ ಬೇಡ. ದಂಡದ ಮೇಲೆ ನೇರವಾಗಿ ಸುತ್ತಿಗೆಯಿಂದ ಹೊಡೆದರೆ ಅದರ ತುದಿ ಅರಳಿ ಟ್ಯೂಬಿನಲ್ಲಿ ಶಾಶ್ವತವಾಗಿ ಸಿಕ್ಕಿಕೊಳ್ಳುತ್ತದೆ. ಟ್ಯೂಬಿನ ಒಳವ್ಯಾಸಕ್ಕಿಂತ ಕೊಂಚ ಸಣ್ಣ ಕಬ್ಬಿಣದ ಸರಳನ್ನು ತುದಿಗೆ ಆನಿಸಿ, ಅದರ ಮೇಲೆ ಹದವಾಗಿ ಬಡಿಯಿರಿ. ಟ್ಯೂಬಿನ ಹೊರಗಿನ ಮರೆಗೆ, ಅಂದರೆ ನಟ್ ತಿರುಗಿ ಕೂರುವ ಸುರುಳಿ ಗೆರೆಗಳಿಗೆ, ಏಟು ತಾಗದಿರಲಿ. ಅದು ಕೆಟ್ಟರೆ ಹೊಸ ಕೇಬಲ್ಲಿನ ನಟ್ ಕೂರುವುದಿಲ್ಲ. ಎರಡು ಮೂರು ದಿನ ಹೀಗೆ ಮಾಡಿದರೂ ಬರದಿದ್ದರೆ ಅಲ್ಲಿಗೆ ನಿಲ್ಲಿಸಿ ಎಂಜಿನ್ ಮೆಕ್ಯಾನಿಕ್‌ನನ್ನು ಕರೆಯಿರಿ. ಬಹಳಷ್ಟು ಎಂಜಿನ್ನುಗಳಲ್ಲಿ ಟ್ಯೂಬನ್ನೇ ಬದಲಿಸಬಹುದು. ಎಂಜಿನ್ ತೂಗುವುದು ಅದೇ ಟ್ಯೂಬಿನ ಆಧಾರದಲ್ಲಿ. ಸರಪಳಿಯಿಂದ ಎತ್ತಿ ಹಿಡಿಯದೆ ಅದನ್ನು ಎಳೆಯುವಂತಿಲ್ಲ.

ಹಳೆಯ ಕೇಬಲ್ ಎಳೆದು ಹಾಕುವ ಮೊದಲು ಅದರ ಹೆಲ್ಮ್ ಕಡೆಯ ತುದಿಗೆ ಗಟ್ಟಿ ನೈಲಾನ್ ದಾರ ಕಟ್ಟಿ ಹಿಂದಕ್ಕೆ ಎಳೆಯಿರಿ. ಹೊಸದನ್ನು ಅದೇ ದಾರದಿಂದ ಮುಂದಕ್ಕೆ ಎಳೆದುಕೊಂಡರೆ ಫೈಬರಿನ ಒಳಸಂದುಗಳಲ್ಲಿ ದಾರಿ ಹುಡುಕುವ ಕಷ್ಟವಿರುವುದಿಲ್ಲ. ಹಳೆಯ ದಾರಿಯೇ ಕೆಟ್ಟದಾಗಿದ್ದರೆ, ಅಂದರೆ ಕೇಬಲ್ ತಳದ ನೀರಿನಲ್ಲಿ ನೆನೆಯುತ್ತಿದ್ದರೆ, ಬ್ಯಾಟರಿಗೆ ಅಥವಾ ಹರಿತವಾದ ಅಂಚಿಗೆ ಉಜ್ಜುತ್ತಿದ್ದರೆ ಅದನ್ನೂ ಈಗಲೇ ಬದಲಿಸಿ.

ಟಿಲ್ಟ್ ಟ್ಯೂಬಿನ ಒಳಗನ್ನು ದುಂಡು ಬ್ರಷ್ಷಿನಿಂದ ಉಜ್ಜಿ, ಬಟ್ಟೆ ತೂರಿಸಿ, ಬಟ್ಟೆ ಬೆಳ್ಳಗೆ ಹೊರಬರುವವರೆಗೆ ಶುಚಿಮಾಡಿ. ಅವಸರದಲ್ಲಿ ಜನ ಬಿಟ್ಟುಬಿಡುವ ಕೆಲಸ ಇದು. ಹೊಸ ಕೇಬಲ್ ವರ್ಷದೊಳಗೆ ಬಿಗಿಯಾಯಿತು ಎಂಬ ದೂರಿನ ಹಿಂದೆ ನಾನು ಮತ್ತೆ ಮತ್ತೆ ಕಂಡಿರುವುದು ತುಕ್ಕು ಬಿಡಿಸದ ಟ್ಯೂಬನ್ನೇ. ಆಮೇಲೆ ದಂಡಕ್ಕೆ ನೀರಿಗೆ ಕರಗದ ಮರೈನ್ ಗ್ರೀಸ್ ಸವರಿ ತೂರಿಸಿ.

ಡ್ರ್ಯಾಗ್ ಲಿಂಕಿನ ನಟ್‌ಗಳ ವಿಷಯದಲ್ಲಿ ರಾಜಿ ಬೇಡ. ಅಲ್ಲಿ ಬಳಸುವುದು ತಾನಾಗಿ ಸಡಿಲವಾಗದ, ನೈಲಾನ್ ಉಂಗುರವಿರುವ ಲಾಕ್ ನಟ್. ಒಮ್ಮೆ ಬಿಚ್ಚಿದ ಮೇಲೆ ಹೊಸದೇ ಹಾಕಬೇಕು. ಅಂಗಡಿಯ ಸಾದಾ ನಟ್ ಎಂಜಿನ್ನಿನ ಅದುರಿಗೆ ಕ್ರಮೇಣ ಬಿಚ್ಚಿಕೊಳ್ಳುತ್ತದೆ. ಆ ಒಂದು ನಟ್ ಬಿದ್ದರೆ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧವೇ ಉಳಿಯುವುದಿಲ್ಲ.

ಜೋಡಿಸಿದ ಮೇಲೆ ಚಕ್ರವನ್ನು ಬಲಕ್ಕೆ ತಿರುಗಿಸಿದರೆ ಬೋಟು ಬಲಕ್ಕೇ ತಿರುಗುವಂತೆ ಎಂಜಿನ್ ಸರಿಯುತ್ತದೆಯೇ ನೋಡಿ. ರೋಟರಿ ಹೆಲ್ಮಿಗೆ ಕೇಬಲ್ಲನ್ನು ತಪ್ಪು ಬದಿಯಿಂದ ಕೂಡಿಸಿದರೆ ದಿಕ್ಕು ಅದಲುಬದಲಾಗುತ್ತದೆ. ಆಮೇಲೆ ಎಂಜಿನ್ನನ್ನು ಪೂರ್ತಿ ಮೇಲೆತ್ತಿ ಮತ್ತೊಮ್ಮೆ ಕೊನೆಯಿಂದ ಕೊನೆಗೆ ತಿರುಗಿಸಿ. ಹಿಂಬದಿಯ ಹಲಗೆಯ ಬಳಿ ಕೇಬಲ್ ಎಲ್ಲೂ ಸಿಕ್ಕಬಾರದು, ಮುರುಟಬಾರದು. ಮೊದಲ ಓಟ ಇಬ್ಬರೇ, ಲೈಫ್ ಜಾಕೆಟ್ ತೊಟ್ಟು, ಕಿಲ್ ಸ್ವಿಚ್ಚಿನ ಹಗ್ಗ ಕಟ್ಟಿಕೊಂಡು, ಹೆದ್ದಾರಿಯ ಸೇತುವೆಗಿಂತ ಮೇಲ್ಭಾಗದ ಶಾಂತ ನೀರಿನಲ್ಲಿ. ಮರಳಿ ಬಂದು ಎಲ್ಲ ನಟ್‌ಗಳನ್ನೂ ಮತ್ತೊಮ್ಮೆ ನೋಡಿ.

ನಾನು ಇಷ್ಟು ಕಟ್ಟುನಿಟ್ಟಾಗಿ ಏಕೆ ಹೇಳುತ್ತಿದ್ದೇನೆ ಎಂಬುದನ್ನು ನಿಮ್ಮ ನದಿಯ ಮೂಲಕವೇ ಹೇಳುತ್ತೇನೆ. ಸವೆದ ಕೇಬಲ್ ಧಕ್ಕೆಯಲ್ಲಿ ನಿಂತಾಗ ತುಂಡಾಗುವುದು ವಿರಳ. ವೇಗದಲ್ಲಿ ತಟ್ಟನೆ ತಿರುಗಿಸಬೇಕಾದಾಗ, ಎದುರಿನಿಂದ ಇನ್ನೊಂದು ಬೋಟು ಬಂದಾಗ, ಅಂದರೆ ಅತಿ ಹೆಚ್ಚು ಬಲ ಬಿದ್ದಾಗ ಅದು ಕೈಕೊಡುತ್ತದೆ. ಹಿಡಿತ ತಪ್ಪಿದ ಎಂಜಿನ್ ಪ್ರೊಪೆಲ್ಲರಿನ ಸೆಳೆತಕ್ಕೆ ಒಂದು ಬದಿಗೆ ಪೂರ್ತಿ ವಾಲುತ್ತದೆ, ಬೋಟು ಕಿರಿದಾದ ವೃತ್ತದಲ್ಲಿ ಗಿರ್ರನೆ ತಿರುಗುತ್ತದೆ, ಅಂಚಿನಲ್ಲಿ ಕೂತವರು ನೀರಿಗೆ ಬೀಳುತ್ತಾರೆ, ಬೋಟು ಸುತ್ತಿ ಅವರ ಮೇಲೆಯೇ ಬರುತ್ತದೆ. ಇಳಿತದ ಹೊತ್ತಾದರೆ ನಿಂತ ಬೋಟನ್ನು ಸೆಳವು ಅಳಿವೆಯ ಕಡೆಗೆ ಒಯ್ಯುತ್ತದೆ, ಅಲ್ಲಿ ತೆರೆಗಳಿಗೆ ಅಡ್ಡಲಾಗಿ ಸಿಕ್ಕಿದರೆ 18 ಅಡಿಯ ಬೋಟು ಉಳಿಯುವುದು ಕಷ್ಟ. ಒಂದು ವೇಳೆ ಎಂದಾದರೂ ಸ್ಟೀರಿಂಗ್ ಕೈಕೊಟ್ಟರೆ ಮೊದಲು ಎಂಜಿನ್ ನಿಲ್ಲಿಸಿ, ಕೂಡಲೇ ಲಂಗರು ಹಾಕಿ, ಆಮೇಲೆ ಸಹಾಯಕ್ಕೆ ಕರೆಯಿರಿ. ಇದಕ್ಕಾಗಿ ಲಂಗರು ಮತ್ತು ಹಗ್ಗ ಸೀಟಿನ ಕೆಳಗೆ ಗಂಟಾಗಿ ಬಿದ್ದಿರದೆ ಸದಾ ಕೈಗೆಟಕುವಂತಿರಬೇಕು. ಒಂದು ಜೊತೆ ಹುಟ್ಟುಗಳೂ ಇರಲಿ.

ಪ್ರಯಾಣಿಕರನ್ನು ಒಯ್ಯುವ ಯಾಂತ್ರಿಕ ಬೋಟುಗಳಿಗೆ ಒಳನಾಡು ನೌಕೆಗಳ ಕಾಯ್ದೆ, 2021ರ ಪ್ರಕಾರ ನೋಂದಣಿ ಮತ್ತು ಸರ್ವೆ, ಅಂದರೆ ಬೋಟಿನ ತಪಾಸಣೆ, ಇದೆ. ಹೊಸ ಕೇಬಲ್ಲಿನ ಬಿಲ್ಲು ಮತ್ತು ಬದಲಿಸಿದ ದಿನಾಂಕವನ್ನು ಬೋಟಿನ ಕಾಗದಗಳ ಜೊತೆ ಇಡಿ; ಸರ್ವೆಯಲ್ಲೂ ವಿಮೆಯಲ್ಲೂ ಉಪಯೋಗಕ್ಕೆ ಬರುತ್ತದೆ.

ಗ್ರೀಸ್ ಹಾಕುವಾಗ ಎಚ್ಚರ

ಟಿಲ್ಟ್ ಟ್ಯೂಬಿಗೆ ನಿಪ್ಪಲ್ ಇದ್ದರೆ ಅದಕ್ಕೆ ಗ್ರೀಸ್ ಪಂಪ್ ಮಾಡುವ ಮೊದಲು ಚಕ್ರ ತಿರುಗಿಸಿ ದಂಡವನ್ನು ಪೂರ್ತಿ ಒಳಗೆ ಸರಿಸಿಕೊಳ್ಳಬೇಕು. ದಂಡ ಹೊರಚಾಚಿದಾಗ ಪಂಪ್ ಮಾಡಿದರೆ ಒಳಗಿನ ಖಾಲಿ ಜಾಗದಲ್ಲಿ ಗ್ರೀಸ್ ತುಂಬಿ, ದಂಡ ಹಿಂದಕ್ಕೆ ಸರಿಯಲು ಎಡೆಯೇ ಇಲ್ಲದಂತಾಗುತ್ತದೆ. ಆಗ ಸ್ಟೀರಿಂಗ್ ಪೂರ್ತಿ ಲಾಕ್ ಆಗಬಹುದು. ಎಂಜಿನ್ ತಯಾರಕರ ಕೈಪಿಡಿಗಳಲ್ಲಿ ಈ ಎಚ್ಚರಿಕೆ ಇರುತ್ತದೆ, ಆದರೂ ನಮ್ಮ ಕಡೆ ಇದನ್ನು ಪಾಲಿಸುವವರನ್ನು ನಾನು ಕಂಡದ್ದು ಕಡಿಮೆ. ಮಳೆಗಾಲಕ್ಕೆ ಬೋಟು ಎತ್ತಿಡುವಾಗಲೂ ಇದೇ ಕ್ರಮ: ಸಿಹಿನೀರಿನಿಂದ ತೊಳೆದು, ಒರೆಸಿ, ದಂಡಕ್ಕೆ ಗ್ರೀಸ್ ಸವರಿ, ಒಳಗೆ ಸರಿಸಿಡಿ. ವಾರಕ್ಕೊಮ್ಮೆ ಯಾರಾದರೂ ಹೋಗಿ ಚಕ್ರವನ್ನು ಎರಡು ಮೂರು ಬಾರಿ ಕೊನೆಯಿಂದ ಕೊನೆಗೆ ತಿರುಗಿಸಲಿ. ಎಂಜಿನ್ ಚಾಲೂ ಮಾಡುವ ಅಗತ್ಯವಿಲ್ಲ.

ಉಳಿದದ್ದು, ಬಲಕ್ಕೆ ಮಾತ್ರ ಹೆಚ್ಚು ಕಷ್ಟ ಎಂಬ ನಿಮ್ಮ ಮಾತು. ಒಳಕೊಳವೆ ಸವೆದ ಕೇಬಲ್ಲಿನಲ್ಲಿ ತಳ್ಳುವಾಗ ತಂತಿ ಬಾಗಿ ಗೋಡೆಗೆ ಒತ್ತುತ್ತದೆ, ಎಳೆಯುವಾಗ ಅಷ್ಟಿಲ್ಲ. ಹಾಗಾಗಿ ಒಂದು ಬದಿ ಹೆಚ್ಚು ಬಿಗಿಯಾಗುವುದುಂಟು. ಹೊಸ ಕೇಬಲ್ ಹಾಕಿದ ಮೇಲೆ ಬೋಟು ನಿಂತಾಗ ಎರಡೂ ಬದಿ ಸಮನಾಗಿ ಹಗುರವಿದ್ದು, ಓಡುವಾಗ ಮಾತ್ರ ಒಂದು ಬದಿ ಭಾರವೆನಿಸಿದರೆ ಅದು ಪ್ರೊಪೆಲ್ಲರಿನ ಸೆಳೆತ. ಎಂಜಿನ್ ಕೂತ ಕೋನಕ್ಕೆ ತಕ್ಕಂತೆ ಅದು ಎಡಕ್ಕೂ ಇರಬಹುದು, ಬಲಕ್ಕೂ ಇರಬಹುದು. ಪ್ರೊಪೆಲ್ಲರಿನ ಮೇಲಿನ ಚಪ್ಪಟೆ ಫಲಕದ ಅಡಿಯಲ್ಲಿ ಒಂದು ಪುಟ್ಟ ರೆಕ್ಕೆ ಇರುತ್ತದೆ, ಅದನ್ನು ಟ್ರಿಮ್ ಟ್ಯಾಬ್ ಎನ್ನುತ್ತಾರೆ. ಹಿಂದಿನಿಂದ ನೋಡುವಾಗ, ಬೋಟು ಯಾವ ಕಡೆಗೆ ಸುಲಭವಾಗಿ ತಿರುಗುತ್ತದೆಯೋ ಆ ಕಡೆಗೆ ರೆಕ್ಕೆಯ ಹಿಂಬದಿಯ ತುದಿಯನ್ನು ಕೊಂಚ ಸರಿಸಿ ಬೋಲ್ಟ್ ಬಿಗಿಗೊಳಿಸಿ, ಓಡಿಸಿ ನೋಡಿ, ಬೇಕಿದ್ದರೆ ಮತ್ತೆ ಕೊಂಚ ಸರಿಸಿ. ಹೆಚ್ಚಾಗಿ ಈ ರೆಕ್ಕೆ ಸತುವಿನದಾಗಿರುತ್ತದೆ, ಎಂಜಿನ್ನಿನ ಬದಲು ತಾನು ಸವೆಯಲೆಂದೇ ಅದನ್ನು ಇಟ್ಟಿರುತ್ತಾರೆ. ಅಂಥದ್ದಕ್ಕೆ ಬಣ್ಣ ಬಳಿಯಬಾರದು. ಅರ್ಧ ಕರಗಿಹೋಗಿದ್ದರೆ ಕೇಬಲ್ ತರುವಾಗ ಅದನ್ನೂ ಒಂದು ಹೊಸದು ತನ್ನಿ.